ಮೊನೆ ಉಜ್ಜಿದ ಹಲ್ಲು

“ಒಂದು ಹಲ್ಲಿನ ಅಳತೆ ತಗೊಳ್ಳೋಕೆ ಬರದೋನು ಡಾಕ್ಟರ್ ಯಾಕೋ ಆದೆ? ದರ್ಜಿ ಹತ್ರ ಕಾಜಾ ಹೊಲ್ಕೊಂಡು ಇರಬಹುದಿತ್ತಲ್ಲ!”

ಬಾಗಿಲು ತೆರೆದಿಟ್ಟುಕೊಂಡೇ ಅಣ್ಣ ಕೂಗಿದ. ಹೊರಗೆ ಸರದಿ ಕಾಯುತ್ತಿದ್ದವರು ದವಡೆ ಹಿಡಿದುಕೊಂಡೇ ನಕ್ಕರು. ತಮ್ಮನ ಕಿವಿ ಕಾದ ಹೆಂಚಾಯಿತು. ಅವನು ಈ ಕ್ಲಿನಿಕ್ಕಿನ ಎರಡನೇ ಡಾಕ್ಟರು. ಅಣ್ಣನ ಲೆಕ್ಕದಲ್ಲಿ ಇನ್ನೂ ಚಡ್ಡಿ ಹಾಕುವ ಹುಡುಗ.

ಕುರ್ಚಿಯಲ್ಲಿ ಬಸ್ ಡ್ರೈವರ್ ನರಳುತ್ತಿದ್ದ. ಅವನ ಹಲ್ಲಿನ ಬೇರು ಎಷ್ಟು ಆಳವಿದೆಯೆಂದು ಹೋದ ವಾರ ಅಳೆದವನು ತಮ್ಮ. ಆ ಅಳತೆಗೇ ಕೂದಲಿನಂಥ ಸೂಜಿ ಇಳಿಸಿ ನಿನ್ನೆ ಒಳಗನ್ನು ಕೆರೆದವನು ಅಣ್ಣ. ಡ್ರೈವರ್ ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಇವತ್ತು ಅದೇ ಅಳತೆಗೆ ಸೂಜಿ ಇಟ್ಟು ಎಕ್ಸ್‌ರೇ ತೆಗೆದರೆ, ಸೂಜಿ ಬೇರಿನ ತುದಿ ದಾಟಿ ಮೂಳೆಗೆ ಹೊಕ್ಕಿತ್ತು.

“ಕಿತ್ತು ಬಿಸಾಕು,” ಎಂದ ಅಣ್ಣ.

“ಬೇಡಿ ಸಾರ್,” ಡ್ರೈವರ್ ಗೋಗರೆದ. “ಈ ಕಡೆ ಅಗಿಯೋಕೆ ಉಳಿದಿರೋದೇ ಇದೊಂದು.”

ತಮ್ಮ ಪುಟ್ಟ ಕನ್ನಡಿ ಒಳಗಿಟ್ಟು ನೋಡಿದ. ಕೈ ಅಲ್ಲೇ ನಿಂತಿತು. ಹಲ್ಲಿನ ಯಾವ ಮೊನೆಯಿಂದ ಅಳತೆ ಶುರು ಮಾಡಿದ್ದನೋ ಆ ಮೊನೆಯೇ ಇರಲಿಲ್ಲ. ಚಪ್ಪಟೆ.

“ಅಣ್ಣ, ಇದರ ಮೊನೆ ಉಜ್ಜಿ ತೆಗೆದ್ಯಾ?”

“ಕಚ್ಚಿದಾಗ ಮೇಲಿನ ಹಲ್ಲಿಗೆ ತಾಗ್ತಿತ್ತು. ಕೆರೆಯೋಕೆ ಮುಂಚೇನೇ ಉಜ್ಜಿದೆ. ಅದಕ್ಕೇನೀಗ?”

ಅದಕ್ಕೇನೀಗಂತೆ! ಹಲ್ಲು ಗಿಡ್ಡವಾಗಿದೆ, ಅಳತೆ ಮಾತ್ರ ಹಳೆಯದು. ಉಜ್ಜಿದಷ್ಟೇ ಸೂಜಿ ಕೆಳಗೆ ತೂರಿದೆ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಇಕ್ಕಳ ಎತ್ತಿಕೊಂಡಿದ್ದ. ತಮ್ಮ ಕುರ್ಚಿಗೆ ಅಡ್ಡ ನಿಂತು ಮರಗಟ್ಟಿಸುವ ಮದ್ದು ಕೊಟ್ಟ.

ಡ್ರೈವರನ ತುಟಿಗೆ ಕೊಕ್ಕೆ ಸಿಕ್ಕಿಸಿ, ಬೇರಿನ ಆಳ ಅಳೆಯುವ ಯಂತ್ರ ಹಚ್ಚಿದ. ಬೇರಿನೊಳಗೆ ಒದ್ದೆ, ಯಂತ್ರ ಹುಚ್ಚು ಹಿಡಿದಂತೆ ಕಿರುಚಿತು. ಒರೆಸಿದ. ಮತ್ತೆ ಕಿರುಚಿತು. ಬೆನ್ನ ಹಿಂದೆ ಅಣ್ಣನ ಬೂಟು ಟಕಟಕ ಎನ್ನುತ್ತಿತ್ತು. ಇನ್ನೊಮ್ಮೆ ಒರೆಸಿ, ಉಸಿರು ಬಿಗಿಹಿಡಿದು ಸೂಜಿಯನ್ನು ತುಸುವೇ ಇಳಿಸಿದ. ಈಗ ಯಂತ್ರದ ಮುಳ್ಳು ಬೇರಿನ ತುದಿಯ ಗುರುತಿಗೆ ಬಂದು ನಿಂತಿತು. ಆಳದ ಗುರುತಿಗೆಂದು ಸೂಜಿಗೆ ತೊಡಿಸಿದ್ದ ರಬ್ಬರ್ ಬಳೆಯನ್ನು ಚಪ್ಪಟೆ ಹಲ್ಲಿಗೆ ತಾಗಿಸಿ, ಹೊರತೆಗೆದು ಅಳೆದ. ಮೊದಲಿಗಿಂತ ಒಂದೂವರೆ ಮಿಲಿಮೀಟರ್ ಕಮ್ಮಿ! ಹೊಸ ಎಕ್ಸ್‌ರೇಯಲ್ಲಿ ಸೂಜಿ ಬೇರಿನೊಳಗೇ ಇತ್ತು. ತೊಳೆದು, ಔಷಧಿ ತುಂಬಿ, ಮೇಲೆ ಸಿಮೆಂಟು ಮುಚ್ಚಿದ.

“ಹಲ್ಲು ಉಳಿಯುತ್ತೆ, ಹೆದರಬೇಡಿ,” ಎಂದು ಡ್ರೈವರನನ್ನು ಎಬ್ಬಿಸಿದ.

ಅಣ್ಣ ಆ ಎಕ್ಸ್‌ರೇ ಹಿಡಿದು ಬಾಗಿಲಿಗೆ ಹೋಗಿ ಸರದಿಯವರಿಗೆ ತೋರಿಸಿದ. “ನೋಡಿ, ನಾಲ್ಕು ಬೈದಿದ್ದಕ್ಕೆ ನೆಟ್ಟಗೆ ಅಳೆದ! ಏನೋ, ಹೌದು ತಾನೆ?”

ಎಲ್ಲರೂ ತಮ್ಮನತ್ತ ತಿರುಗಿದರು. ಅವನು ಗ್ಲೌಸು ಕಿತ್ತು ಬುಟ್ಟಿಗೆಸೆದು, ಅವರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಬೀದಿಗಿಳಿದ.