ನಿಂತ ಕಾರಿನ ಕೆಳಗಿನ ನೀರು

ಎಡಗಾಲಿನ ಚಪ್ಪಲಿ ಆಗಲೇ ಕಳಚಿತ್ತು. ಬಲಗಾಲಿನದು ಬ್ರೇಕಿನ ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ಹೆಬ್ಬೆರಳಿನಿಂದ ಎಳೆದು ಬದಿಗೆ ತಳ್ಳಿ, ಸೀಟನ್ನು ಪೂರ್ತಿ ಹಿಂದಕ್ಕೆ ಜಾರಿಸಿ, ಕೂದಲಿನ ಕ್ಲಿಪ್ಪು ತೆಗೆದು ಬಾಯಲ್ಲಿ ಕಚ್ಚಿಕೊಂಡು, ಅವಳು ಎ.ಸಿ.ಯ ಗಾಳಿಯನ್ನು ತನ್ನ ಕತ್ತಿನ ಕಡೆ ತಿರುಗಿಸಿದಳು. ಗಡಿಯಾರ ಆರು ಗಂಟೆ ಎರಡು ನಿಮಿಷ ತೋರಿಸುತ್ತಿತ್ತು. ಮನೆಯವರ ಪ್ರಕಾರ ಅವಳು ಬರುವುದು ಆರೂವರೆಗೆ.

ನಡುವಿನ ಇಪ್ಪತ್ತೆಂಟು ನಿಮಿಷ ಅವಳದು.

ಹಗಲೆಲ್ಲ ಅವಳು ಕನ್ನಡಕದ ಅಂಗಡಿಯ ಕತ್ತಲೆ ಕೋಣೆಯಲ್ಲಿ ಬಂದವರ ಕಣ್ಣ ಮುಂದೆ ಗಾಜು ಬದಲಿಸುತ್ತಾ "ಇದು ಸ್ಪಷ್ಟವಾ, ಇದಾ?" ಎಂದು ಕೇಳುತ್ತಿದ್ದಳು. ಮನೆಗೆ ಕಾಲಿಟ್ಟರೆ ಕೇಳುವ ಸರದಿ ಬೇರೆಯವರದು. ನನ್ನ ಬಿಳಿ ಅಂಗಿ ಎಲ್ಲಿ, ರಿಮೋಟ್ ಎಲ್ಲಿಟ್ಟೆ, ಸಾಬೂನು ಮುಗಿದದ್ದು ಯಾಕೆ ಹೇಳಲಿಲ್ಲ. ಕಾರಿನೊಳಗೆ ಮಾತ್ರ ಯಾರೂ ಏನೂ ಕೇಳುವುದಿಲ್ಲ. ಒಂದು ವೇಫರ್ ಬಿಸ್ಕತ್ತನ್ನು ಪದರ ಪದರವಾಗಿ ಬಿಡಿಸಿ ತಿನ್ನುವಳು. ಕಾರು ನಿಲ್ಲಿಸುವ ತಗಡಿನ ಚಾವಣಿಯ ಮೂಲೆಯಲ್ಲಿ ಜೇಡ ಏನು ಮಾಡುತ್ತಿದೆ ಎಂದು ನೋಡುವಳು. ಹೆಚ್ಚಿನ ದಿನ ಅದೂ ಏನೂ ಮಾಡುತ್ತಿರಲಿಲ್ಲ. ಇಬ್ಬರಿಗೂ ಹೊಂದಾಣಿಕೆಯಾಗಿತ್ತು.

ಈ ಸುಖ ಕಾರಿನ ಕೃಪೆ. ಹಳೆಯ ಕಾರಿನಲ್ಲಿ ಎ.ಸಿ. ಹಾಕಿದರೆ ಎಂಜಿನ್ ಬೀದಿಗೆಲ್ಲ ಕೇಳುವಂತೆ ಗೊರಕೆ ಹೊಡೆಯುತ್ತಿತ್ತು. ಇದು ಹೈಬ್ರಿಡ್. ಪೆಟ್ರೋಲ್ ಎಂಜಿನ್ ಮಲಗಿದ್ದರೂ ದೊಡ್ಡ ಬ್ಯಾಟರಿಯಿಂದ ಎ.ಸಿ. ಓಡುತ್ತದೆ, ಪಿಟ್ಟೆನ್ನುವುದಿಲ್ಲ. ಬ್ಯಾಟರಿ ಇಳಿದಾಗ ಎಂಜಿನ್ ತಾನಾಗಿ ಎದ್ದು ಎರಡು ನಿಮಿಷ ಗುರುಗುಟ್ಟುವುದುಂಟು. ಆದರೆ ಆ ಹೊತ್ತಿಗೆ ಮಾವ ಟಿ.ವಿ. ಸುದ್ದಿಯನ್ನು ಗೋಡೆ ನಡುಗುವಷ್ಟು ಜೋರಾಗಿ ಇಟ್ಟಿರುತ್ತಿದ್ದರು. ಚಾವಣಿ ಇದ್ದದ್ದು ಮನೆಯ ಹಿಂದೆ, ಮೂರು ಕಡೆ ಬಯಲು. ಮನೆಯ ಒಂದು ಕಿಟಕಿಯೂ ಆ ಕಡೆಗಿರಲಿಲ್ಲ.

ಎಲ್ಲ ಚೆನ್ನಾಗಿಯೇ ಇತ್ತು, ಅವಳು ಮಾವನಿಗೆ ಹೊಸ ಕನ್ನಡಕ ಮಾಡಿಸಿಕೊಡುವವರೆಗೆ.

ಮಾವ ಮೂವತ್ತೈದು ವರ್ಷ ನೀರು ಸರಬರಾಜು ಇಲಾಖೆಯಲ್ಲಿ ಸೋರಿಕೆ ಹುಡುಕುವ ಕೆಲಸ ಮಾಡಿದವರು. ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ರಸ್ತೆಗೂ ಇನ್ನೊಂದನ್ನು ಕಿವಿಗೂ ಒತ್ತಿ, ಆರಡಿ ಆಳದಲ್ಲಿ ಪೈಪು ಎಲ್ಲಿ ಒಡೆದಿದೆ ಎಂದು ಹೇಳುತ್ತಿದ್ದರಂತೆ. ನಿವೃತ್ತಿಯಾಗಿ ಒಂಬತ್ತು ವರ್ಷವಾಗಿತ್ತು. ಈ ಒಂಬತ್ತು ವರ್ಷದಲ್ಲಿ ಮನೆಯ ಒಂದು ನಲ್ಲಿಯೂ ತೊಟ್ಟಿಕ್ಕಿರಲಿಲ್ಲ. ಅದೇ ಅವರ ಕೊರಗು.

ಸೋಮವಾರ ಸಂಜೆ ಏಳು ಗಂಟೆಗೆ, ಹಿತ್ತಲ ಗಿಡಗಳಿಗೆ ನೀರು ಹಾಕಲು ಹೋದವರು ಹೊಸ ಕನ್ನಡಕದೊಳಗಿಂದ ನೆಲ ನೋಡಿದರು.

"ಅಮ್ಮಾ! ಬೇಗ ಬಾ! ಸೋರ್ತಿದೆ!"

ಅಷ್ಟು ಸಂತೋಷದ ದನಿಯನ್ನು ಅವಳು ಅವರಿಂದ ಕೇಳಿದ್ದು ಮದುವೆಯಾದ ಮೇಲೆ ಇದೇ ಮೊದಲು.

ಮುಂದಿನ ಎಡ ಚಕ್ರದ ಹಿಂದೆ ಊಟದ ತಟ್ಟೆಯಗಲ ನೀರು ನಿಂತಿತ್ತು. ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಅಂಗಡಿಯ ಎ.ಸಿ. ಕೆಳಗೆ ಇಂಥದೇ ನೀರಿಗೆ ಬಕೆಟ್ ಇಟ್ಟು ದಿನಾ ಚೆಲ್ಲುವವಳು ಅವಳೇ. ಗಾಳಿಯ ತೇವ ತಂಪಿಗೆ ನೀರಾಗಿ ಇಳಿದದ್ದು, ಅಷ್ಟೇ.

"ಎ.ಸಿ. ನೀರಿರಬಹುದು ಮಾವ."

"ಎ.ಸಿ. ನೀರು ಗಾಡಿ ಓಡುವಾಗ ದಾರೀಲೇ ಬೀಳುತ್ತಮ್ಮ. ನೀನು ಬಂದು ನಿಲ್ಲಿಸಿದ ತಕ್ಷಣ ಆಫ್ ಮಾಡಿ ಒಳಗೆ ಬರ್ತೀಯ. ಆಮೇಲೆ ನಾಲ್ಕು ಹನಿ ಬೀಳಬಹುದು. ಇದು ಒಂದು ಚೊಂಬು!"

ಅದಕ್ಕೆ ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿಕೊಂಡಳು.

ಮಾವ ಬೆರಳದ್ದಿ, ಮೂಸಿ, ನಾಲಿಗೆಗೆ ಇಟ್ಟುಕೊಂಡರು.

"ಅಪ್ಪಾ!" ಗಂಡ ಕಾರಿನ ಕೈಪಿಡಿ ಹಿಡಿದುಕೊಂಡು ಓಡಿಬಂದ. ಅವನು ವಿಮಾ ಕಚೇರಿಯವನು. ಎಲ್ಲ ಪುಸ್ತಕಗಳಲ್ಲೂ ಸಣ್ಣಕ್ಷರವನ್ನೇ ಮೊದಲು ಓದುತ್ತಿದ್ದ. "ಎಂಜಿನ್ ತಂಪು ಮಾಡೋ ಕೂಲಂಟ್ ವಿಷ ಅಂತ ಬರೆದಿದೆ! ಸಿಹಿಯಾಗಿರುತ್ತಂತೆ, ಪುಟ ಇನ್ನೂರ ಹನ್ನೊಂದು!"

"ಸಿಹಿ ಇಲ್ಲ ಕಣೋ."

"ಇನ್ನೊಂದು ಸಲ ನೋಡಿ."

"ವಿಷ ಅಂತೀಯ, ಇನ್ನೊಂದು ಸಲ ನೋಡು ಅಂತೀಯ! ನಿನಗೆ ನನ್ನ ವಿಮೆ ಬೇಕಾಗಿದ್ಯಾ?"

ಮಂಗಳವಾರ ಕಾರಿನ ಕೆಳಗೆ ಹಳೆಯ ಪತ್ರಿಕೆಗಳು ಹಾಸಿದ್ದವು. ಅವಳು ಬಂದು ಅವುಗಳ ಮೇಲೆಯೇ ನಿಲ್ಲಿಸಿ, ಎಂದಿನಂತೆ ಕೂತು, ಎಂದಿನಂತೆ ಎದ್ದಳು. ಪತ್ರಿಕೆಯ ಕ್ರೀಡಾಪುಟ ಒದ್ದೆಯಾಗಿತ್ತು. ಮಾವ ಅದನ್ನು ಹಗ್ಗದ ಮೇಲೆ ಒಣಹಾಕಿ, ಕಲೆಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಸಮಯ ಬರೆದರು. ಬಣ್ಣ ಇಲ್ಲ, ಜಿಡ್ಡಿಲ್ಲ. ಆಮೇಲೆ ಅಟ್ಟದಿಂದ ಸಲಾಕೆ ಇಳಿಸಿ, ಒಂದು ತುದಿಯನ್ನು ಬಾನೆಟ್ಟಿಗೆ ಒತ್ತಿ, ಇನ್ನೊಂದಕ್ಕೆ ಕಿವಿ ಕೊಟ್ಟು ಕಣ್ಣು ಮುಚ್ಚಿದರು.

"ಏನಾದ್ರೂ ಕೇಳ್ತಿದ್ಯಾ ಅಪ್ಪ?"

"ಯಾರೋ ಉಸಿರಾಡ್ತಿದ್ದಾರೆ."

"ನಾನೇ, ಪಕ್ಕದಲ್ಲಿದ್ದೀನಿ."

"ದೂರ ನಿಲ್ಲು ಮಾರಾಯ!"

ಬುಧವಾರ ಅವಳಿಗೆ ಭಯವಾಯಿತು. ಒಂದು ದಿನ ಕೂರದೇ ಇದ್ದರೆ ನೀರು ಬೀಳುವುದಿಲ್ಲ, ಗಲಾಟೆ ತಾನಾಗಿ ತಣ್ಣಗಾಗುತ್ತದೆ ಎಂದುಕೊಂಡು ಆರು ಗಂಟೆಗೆ ನೆಟ್ಟಗೆ ಮನೆಯೊಳಗೆ ಬಂದಳು. "ಇವತ್ತೇನು ಬೇಗ?" ಎಂದು ಇಬ್ಬರೂ ಕೇಳಿದರು. ಉತ್ತರಕ್ಕೆ ಕಾಯದೆ ಒಬ್ಬರು ರಿಮೋಟ್ ಕೇಳಿದರು, ಇನ್ನೊಬ್ಬ ಅಂಗಿ ಕೇಳಿದ. ಆ ಅರ್ಧ ಗಂಟೆಯಲ್ಲಿ ಅವಳು ಹದಿನಾಲ್ಕು ಸಾಮಾನು ಹುಡುಕಿಕೊಟ್ಟಳು.

ಏಳು ಗಂಟೆಗೆ ಮಾವ ಆ ದಿನ ಹಾಸಿದ್ದ ಒಣ ಪತ್ರಿಕೆ ಹಿಡಿದು ಒಳಗೆ ಬಂದರು. ಮುಖ ಬಿಳಿಚಿತ್ತು.

"ಮುಗೀತು. ಒಂದು ಹನಿ ಇಲ್ಲ."

"ಒಳ್ಳೇದೇ ಆಯ್ತಲ್ಲ ಮಾವ!"

"ಏನು ಒಳ್ಳೇದು? ಇದ್ದಬದ್ದ ನೀರೆಲ್ಲ ಹೋಗಿಬಿಟ್ಟಿದೆ. ಸೋರೋಕೆ ಒಳಗೆ ಇನ್ನೇನೂ ಉಳಿದಿಲ್ಲ!"

ಗಂಡ ಕೈಪಿಡಿ ಮುಚ್ಚಿದ. "ಮಾರಿಬಿಡೋಣ. ಈ ಕಾರಲ್ಲಿ ಎಂಜಿನ್ನಿಗೊಂದು, ಕರೆಂಟಿನ ಪೆಟ್ಟಿಗೆಗೊಂದು ಅಂತ ಎರಡೆರಡು ಕೂಲಂಟ್ ಟ್ಯಾಂಕ್ ಇದೆಯಂತೆ. ಎರಡೆರಡು ತಲೆನೋವು. ಆಫೀಸಲ್ಲಿ ಒಬ್ಬರು ಭಾನುವಾರ ಬಂದು ನೋಡ್ತೀನಿ ಅಂದಿದ್ದಾರೆ. ನಿನಗೇನು, ಅಂಗಡಿ ಮುಂದಿಂದಲೇ ಬಸ್ಸಿದೆ. ನಮ್ಮ ಗೇಟಿಗೇ ಬಿಡುತ್ತೆ. ಆರಕ್ಕೆಲ್ಲ ಮನೇಲಿರ್ತೀಯ."

ಅವಳ ಕೈಯಲ್ಲಿದ್ದ ಲೋಟ ತಾನಾಗಿ ಮೇಜಿನ ಮೇಲೆ ಕೂತಿತು. ಗೇಟಿಗೇ ಬಿಡುವ ಬಸ್ಸು! ಅದರಲ್ಲಿ ಯಾವ ಸೀಟು ಹಿಂದಕ್ಕೆ ಮಲಗುತ್ತದೆ?

"ಮಾರೋದಕ್ಕೆ ಮುಂಚೆ ಶನಿವಾರ ಒಂದು ಸಲ ಗ್ಯಾರೇಜಿಗೆ ತೋರಿಸೋಣ," ಎಂದಳು. ಗ್ಯಾರೇಜಿನವರು ಎಲ್ಲವನ್ನೂ ಕಂಡುಹಿಡಿದರೆ ತನ್ನ ಗತಿ ಏನು ಎಂಬುದು ಹೇಳಿದ ಮೇಲೆ ಹೊಳೆಯಿತು.

ಗುರುವಾರ ಅವಳು ಮತ್ತೆ ಕೂತಳು, ಕಾರು ಖಾಲಿಯಾಗಿಲ್ಲ ಎಂದು ತೋರಿಸಲಿಕ್ಕೆ. ಸುಖಕ್ಕಲ್ಲ, ಕರ್ತವ್ಯಕ್ಕೆ. ಆದರೂ ವೇಫರ್ ರುಚಿಯಾಗಿಯೇ ಇತ್ತು. ನೀರು ಮತ್ತೆ ಬಿದ್ದದ್ದು ಕಂಡು ಮಾವನಿಗೆ ಜೀವ ಬಂತು. ಇಲಾಖೆಯಲ್ಲಿ ಕೊನೆಯ ಉಪಾಯವೆಂದರೆ ನೀರಿಗೆ ಬಣ್ಣ ಬೆರೆಸಿ ಅದು ಎಲ್ಲಿ ಹೊರಬರುತ್ತದೆಂದು ಕಾಯುವುದು. ಯಾರಿಗೂ ಹೇಳದೆ ಬಾನೆಟ್ ಎತ್ತಿ, ಕೈಗೆ ಸಿಕ್ಕ ಟ್ಯಾಂಕಿನ ಮುಚ್ಚಳ ತೆಗೆದು, ಬಟ್ಟೆಗೆ ಹಾಕುವ ನೀಲಿಯನ್ನು ಅರ್ಧ ಬಾಟಲಿ ಸುರಿದರು.

ಶುಕ್ರವಾರ ಬೆಳಿಗ್ಗೆ ವೃತ್ತದ ಸಿಗ್ನಲ್ಲಿನಲ್ಲಿ ನಿಂತಾಗ ಗಾಜಿನ ಮೇಲೆ ಕಾಗೆ ತನ್ನ ಕೆಲಸ ಮುಗಿಸಿ ಹಾರಿತು. ಅವಳು ಗಾಜು ತೊಳೆಯುವ ಗುಂಡಿ ಒತ್ತಿದಳು. ಎರಡು ನೀಲಿ ಧಾರೆಗಳು ಗಾಜನ್ನು ದಾಟಿ, ಬಿಳಿ ಸಮವಸ್ತ್ರದ ಸಂಚಾರಿ ಪೊಲೀಸನನ್ನು ಸೊಂಟದಿಂದ ಟೋಪಿವರೆಗೆ ನೆನೆಸಿದವು.

ಅವನು ನಿಧಾನವಾಗಿ ಕಿಟಕಿಯ ಬಳಿ ಬಂದ. "ಏನಮ್ಮಾ, ಮನೇಲಿ ಬಟ್ಟೆ ಇಲ್ವಾ? ನನ್ನನ್ನೇ ಒಗೀತಿದ್ದೀರಲ್ಲ?"

"ಮಾವ..." ಎಂದಳು ಅವಳು.

"ನಾನು ನಿಮಗೆ ಮಾವನಾ?"

ಸಿಗ್ನಲ್ ಹಸಿರಾಯಿತು. ಹಿಂದಿನ ಗಾಡಿಗಳೆಲ್ಲ ಒಟ್ಟಿಗೆ ಹಾರ್ನ್ ಹೊಡೆದವು. ನೀಲಿ ಪೊಲೀಸ ಕೈ ಬೀಸಿ "ಹೋಗಿ, ಮೊದಲು ಹೋಗಿ" ಎಂದ.

ಶನಿವಾರ ಮೂವರೂ ಗ್ಯಾರೇಜಿಗೆ ಹೋದರು. ಮಾವ ಸಲಾಕೆಯನ್ನೂ ಕ್ರೀಡಾಪುಟವನ್ನೂ ತಂದಿದ್ದರು. ಗ್ಯಾರೇಜಿನ ಯಜಮಾನಿ ಅರವತ್ತರ ಹೆಂಗಸು, ಗಿಡ್ಡ ಕೂದಲು, ಕಿವಿಯ ಹಿಂದೆ ಪೆನ್ಸಿಲು. ಪತ್ರಿಕೆಯನ್ನು ಪೂರ್ತಿ ನೋಡಿ, "ಗೆರೆ ಚೆನ್ನಾಗಿ ಎಳೆದಿದ್ದೀರಿ" ಎಂದಳು. ಮಾವ ಒಂದಿಂಚು ಎತ್ತರವಾದರು.

ಎಂಜಿನ್ ತಣ್ಣಗಾಗುವವರೆಗೆ ಮುಚ್ಚಳ ಮುಟ್ಟುವುದಿಲ್ಲ ಎಂದು ಎಲ್ಲರನ್ನೂ ಬೆಂಚಿನ ಮೇಲೆ ಕೂರಿಸಿದಳು. ಆಮೇಲೆ ಟಾರ್ಚ್ ಹಿಡಿದು ತೋರಿಸಿದಳು. "ಇದು ಎಂಜಿನ್ನಿನ ಟ್ಯಾಂಕ್. ಇದು ಕರೆಂಟಿನ ಪೆಟ್ಟಿಗೆಯದು. ಎರಡರಲ್ಲೂ ಕೂಲಂಟ್ ಗೆರೆವರೆಗೆ ಇದೆ, ಎರಡೂ ಗುಲಾಬಿ ಬಣ್ಣ. ಇದರಲ್ಲಿ ಸುಳಿ ಕಾಣ್ತಿದ್ಯಾ? ಪಂಪೂ ಓಡ್ತಿದೆ." ಟ್ಯಾಂಕಿನ ಬಾಯಿಗೆ ಕೈಪಂಪು ಸಿಕ್ಕಿಸಿ ನಾಲ್ಕು ಸಲ ಒತ್ತಿದಳು. ಅದರ ಒತ್ತಡ ತೋರಿಸುವ ಮುಳ್ಳು ಒಂದು ಕಡೆ ನಿಂತಿತು. ಕಾಲು ಗಂಟೆ ಎಲ್ಲರೂ ಆ ಮುಳ್ಳನ್ನೇ ದಿಟ್ಟಿಸಿದರು. ಅದು ಕೂದಲೆಳೆಯಷ್ಟೂ ಇಳಿಯಲಿಲ್ಲ.

"ಎಲ್ಲೂ ಸೋರ್ತಿಲ್ಲ."

"ಹಾಗಾದ್ರೆ ನನ್ನ ನೀಲಿ?" ಎಂದರು ಮಾವ.

ಯಜಮಾನಿ ಮೂಲೆಯ ಮೂರನೆಯ ಮುಚ್ಚಳ ತೆರೆದಳು. "ಗಾಜು ತೊಳೆಯೋ ನೀರಿನ ಟ್ಯಾಂಕಿಗೆ ಹಾಕಿದ್ದೀರಿ ಸ್ವಾಮಿ. ಪುಣ್ಯ. ಕೂಲಂಟಿಗೆ ಹಾಕಿದ್ದಿದ್ರೆ ನಿಮ್ಮನ್ನೇ ರೇಡಿಯೇಟರ್ ಒಳಗೆ ಬಿಟ್ಟು ತೊಳೆಸ್ತಿದ್ದೆ."

"ಮತ್ತೆ ಒಂದು ಚೊಂಬು ನೀರು ಎಲ್ಲಿಂದ?" ಗಂಡ ಬಿಡಲಿಲ್ಲ.

"ಎ.ಸಿ.ದು. ನಿಂತ ಜಾಗದಲ್ಲೇ ಇಷ್ಟು ಬೀಳಬೇಕಾದ್ರೆ ಯಾರೋ ದಿನಾ ಅರ್ಧ ಗಂಟೆ ಎ.ಸಿ. ಹಾಕಿಕೊಂಡು ಒಳಗೆ ಕೂರ್ತಿದ್ದಾರೆ."

ದಿನಾ ಕೂರುತ್ತಿದ್ದವಳು ಗೋಡೆಯ ಮೇಲಿನ ಟೈರಿನ ಚಿತ್ರವನ್ನು ಓದತೊಡಗಿದಳು.

ಯಜಮಾನಿ ಬಾಗಿಲು ತೆರೆದು ಒಳಗೆ ನೋಡಿದಳು. ಸೀಟಿನ ಸಂದಿಯಿಂದ ವೇಫರಿನ ಹೊಳೆಯುವ ಕಾಗದಗಳನ್ನು ಎತ್ತಿದಳು. ಒಂದು, ಮೂರು, ಏಳು. "ತಿಂಡಿಪೋತರು ಯಾರೋ. ಇವರಾ?" ಎಂದು ಸೊಸೆಯ ಕಡೆ ಗದ್ದ ಎತ್ತಿದಳು.

ಅಪ್ಪ ಮಗ ಇಬ್ಬರೂ ಒಟ್ಟಿಗೆ ನಕ್ಕರು.

"ಅವಳಾ?" ಎಂದ ಗಂಡ. "ಅವಳಿಗೆಲ್ಲಿ ಪುರುಸೊತ್ತು?"

"ಪಾಪ, ಅವಳು ಕೂತಿದ್ದನ್ನೇ ನಾನು ನೋಡಿಲ್ಲ," ಎಂದರು ಮಾವ.

ಯಜಮಾನಿ ನಗಲಿಲ್ಲ. ಕಾಗದಗಳನ್ನು ಮಡಚಿ ಕಸದ ಡಬ್ಬಿಗೆ ಹಾಕಿ, ಪೆನ್ಸಿಲನ್ನು ಕಿವಿಯ ಹಿಂದೆ ಇನ್ನಷ್ಟು ಒಳಗೆ ತಳ್ಳಿದಳು.

ವಾಪಸು ಬರುವಾಗ ಅವಳೇ ಓಡಿಸಿದಳು. ಅಪ್ಪ ಮಗ ಹಿಂದಿನ ಸೀಟಿನಲ್ಲಿ ಕೂತಿದ್ದರು. ಒಂದು ಮೈಲಿ ದಾಟಿದ ಮೇಲೆ ಮಾವ ಮಗನ ಕಡೆ ತಿರುಗಿದರು.

"ಆರೂವರೆಗೆ ವಾಕಿಂಗ್ ಅಂತ ಹೋಗ್ತೀಯಲ್ಲ ಮಗ, ಎಲ್ಲಿವರೆಗೆ ಹೋಗ್ತೀಯ?"

"ನಾನೂ ಅದನ್ನೇ ಕೇಳೋಣ ಅಂತಿದ್ದೆ. ನಾಲ್ಕು ಗಿಡಕ್ಕೆ ನೀರು ಹಾಕೋಕೆ ನಿಮಗೆ ಅರ್ಧ ಗಂಟೆ ಯಾಕೆ ಬೇಕು?"

"ಇರಲಿ ಬಿಡೋ. ನಾನೇನೂ ಅನ್ನಲ್ಲ. ದುಡಿಯೋ ಗಂಡಸಿಗೂ ಒಂದು ಗಳಿಗೆ ನೆಮ್ಮದಿ ಬೇಕು."

"ನಾನೂ ಏನೂ ಅನ್ನಲ್ಲಪ್ಪ. ವಯಸ್ಸಾದವರು, ಸೆಕೆ. ಆದ್ರೆ ವೇಫರ್ ಬೇಡ, ನಿಮಗೆ ಸಕ್ಕರೆ ಇದೆ."

"ನನಗಾ ಹೇಳ್ತೀಯ! ನಿನ್ನ ಹೊಟ್ಟೆ ನೋಡ್ಕೋ!"

ಇಬ್ಬರೂ ಒಬ್ಬರನ್ನೊಬ್ಬರು ಉದಾರವಾಗಿ ಕ್ಷಮಿಸಿ ಹಿಂದಕ್ಕೆ ಒರಗಿದರು. ಕಾರು ಮಾರುವ ಮಾತು ಅಲ್ಲಿಗೇ ಬಿತ್ತು. ಭಾನುವಾರ ಬರುವುದು ಬೇಡವೆಂದು ಗಂಡ ಆಫೀಸಿನವನಿಗೆ ಸಂದೇಶ ಕಳಿಸಿದ.

ಅವಳಿಗೆ ಹಗುರವಾಗಬೇಕಿತ್ತು. ಆಗಿತ್ತು ಕೂಡ. ಆದರೆ ಸಿಕ್ಕಿಬಿದ್ದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ಏಳು ಕಾಗದ, ಒಂದು ಚೊಂಬು ನೀರು, ಬುಧವಾರದ ಒಣ ಪತ್ರಿಕೆ ಎಲ್ಲ ಕಣ್ಣ ಮುಂದಿದ್ದರೂ ಅವಳು ಅವರ ಅನುಮಾನಕ್ಕೂ ಸಿಗಲಿಲ್ಲ. ನಗು ಬಂತು. ಕನ್ನಡಿಯಲ್ಲಿ ಅದು ಕಾಣದಂತೆ ಕೆಮ್ಮಿದಳು.

ಚಾವಣಿಯ ಕೆಳಗೆ ಕಾರು ತಂದು ನಿಲ್ಲಿಸಿದಾಗ ಗಂಡಸರಿಬ್ಬರೂ ಇಳಿದು, ಸಲಾಕೆ ಯಾರು ಹಿಡಿಯಬೇಕು ಎಂದು ಜಗಳವಾಡುತ್ತಾ ಒಳಗೆ ಹೋದರು. ಅವಳು ಇಳಿದು ನೆಲ ನೋಡಿದಳು. ಎಡಗಡೆ, ಕಂಬದ ಪಕ್ಕ, ಮಳೆನೀರು ಹೋಗಲು ಕಬ್ಬಿಣದ ಜಾಲರಿಯೊಂದಿತ್ತು. ಎಡಚಕ್ರದ ಹಿಂಭಾಗದಿಂದ ಅಲ್ಲಿಗೆ ಎಷ್ಟು ದೂರ ಎಂದು ಚಪ್ಪಲಿಯಿಂದ ಅಳೆದಳು. ಮೂರೂವರೆ ಪಾದ. ಸೋಮವಾರದಿಂದ ಅಷ್ಟು ಆಚೆಗೆ ನಿಲ್ಲಿಸಿದರೆ ಹನಿಗಳು ನೆಟ್ಟಗೆ ಜಾಲರಿಯೊಳಕ್ಕೇ ಹೋಗುತ್ತವೆ.

"ಅಮ್ಮಾ, ರಿಮೋಟ್ ಎಲ್ಲಿ?" ಒಳಗಿನಿಂದ ಮಾವನ ದನಿ.

"ಬಂದೆ ಮಾವ," ಎಂದಳು. ಅಂಗಡಿಯಲ್ಲಿ ಕೆಲಸ ಹೆಚ್ಚಾಗಿದೆ, ಇನ್ನು ಮೇಲೆ ಬರುವುದು ಆರೂಮುಕ್ಕಾಲಾಗುತ್ತದೆ ಎಂದು ಭಾನುವಾರ ಊಟದ ಹೊತ್ತಿಗೆ, ಅನ್ನ ಬಡಿಸುತ್ತಾ, ಮಾತಿನ ನಡುವೆ ಹೇಳಿಬಿಡುವುದು ಎಂದುಕೊಂಡಳು.