ದೋಣಿಯಿಂದ ಇಳಿದ ಮೇಲೆ

ಅಮ್ಮ ತೀರಿಕೊಂಡ ಕೆಲವು ವಾರಗಳಿಗೇ ತಂಗಿ ಮತ್ತು ಅವಳ ಗಂಡ ಸೇರಿ ಅಕ್ಕನನ್ನು ದ್ವೀಪದ ಪ್ರವಾಸಕ್ಕೆ ಹೊರಡಿಸಿದರು. ಬಾಡಿಗೆ ವ್ಯಾನಿನಲ್ಲಿ ಕಡಲ ದಂಡೆಯುದ್ದಕ್ಕೂ ಸುತ್ತುವುದು, ಸಂಜೆಯಾದಲ್ಲಿ ತಂಗುವುದು. ಅಕ್ಕ ಬರುತ್ತೇನೆ ಎನ್ನಲಿಲ್ಲ, ಒಲ್ಲೆ ಎನ್ನಲೂ ಇಲ್ಲ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಅರ್ಧ ದಿನ, ಹಾಸಿಗೆ ಹಿಡಿದ ಅಮ್ಮನ ಮಗ್ಗುಲಲ್ಲಿ ಉಳಿದರ್ಧ ದಿನ, ಹೀಗೇ ಅವಳ ನಡುವಯಸ್ಸು ಕಳೆದಿತ್ತು. ಸಾವಿನ ಮನೆಗೆ ಬಂದವರೆಲ್ಲ ಅವಳ ಒಣ ಕಣ್ಣು ನೋಡಿ ಗಟ್ಟಿಗಿತ್ತಿ ಎಂದು ಹೊಗಳಿ ಹೋಗಿದ್ದರು. ಗಟ್ಟಿತನವೇನೂ ಅಲ್ಲ, ಜೋಮು ಹಿಡಿದ ಕಾಲಿನ ಹಾಗಿತ್ತು ಅವಳ ಸ್ಥಿತಿ. ಕಾಲು ಇದೆ ಎಂದು ಗೊತ್ತು, ತನ್ನದು ಅನ್ನಿಸುವುದಿಲ್ಲ.

ವ್ಯಾನಿನ ಚಾಲಕ ಬಾಯಿ ಮುಚ್ಚದ ಮನುಷ್ಯ. ಇಷ್ಟು ಚೆಂದದ ಕಡಲು ಮುಂದೆ ಸಿಗುವುದಿಲ್ಲ ಎಂದು ಪ್ರತಿ ತಿರುವಿನಲ್ಲೂ ಹೇಳುತ್ತಿದ್ದ. ತಂಗಿಯ ಗಂಡ ಪ್ರತಿ ಸಲವೂ ನಂಬಿ, ಎಲ್ಲರನ್ನೂ ಇಳಿಸಿ ಫೋಟೊ ತೆಗೆಯುತ್ತಿದ್ದ. ಎಲ್ಲ ಫೋಟೊಗಳಲ್ಲೂ ಅಕ್ಕ ಗುರುತಿನ ಚೀಟಿಗೆ ನಿಂತವಳಂತೆಯೇ ಕಾಣುತ್ತಿದ್ದಳು. ವಸತಿಗೃಹದ ಕೋಣೆಯಲ್ಲಿ ಬೆಳಗ್ಗೆ ಕಣ್ಣು ಬಿಡುವ ಮೊದಲೇ ಅವಳ ಕೈ ಪಕ್ಕದ ಹಾಸಿಗೆ ಒದ್ದೆಯಾಗಿದೆಯೇ ಎಂದು ತಡಕುತ್ತಿತ್ತು. ಅಲ್ಲಿ ತಂಗಿ ಗೊರಕೆ ಹೊಡೆಯುತ್ತಿರುತ್ತಿದ್ದಳು.

ಒಂದು ಮಧ್ಯಾಹ್ನ ಗಾಜಿನ ತಳದ ದೋಣಿಯಲ್ಲಿ ಹವಳ ನೋಡಿ ದಡಕ್ಕೆ ಬಂದರು. ಅದೇ ದೋಣಿಯಲ್ಲಿದ್ದ ಒಬ್ಬ ಅಜ್ಜಿಗೆ ಇಳಿಯುವಾಗ ಕಾಲು ಹಲಗೆಗೆ ಎಟಕಲಿಲ್ಲ. ಅವಳ ಮನೆಯವರು ಆಗಲೇ ಮುಂದೆ ಹೋಗಿದ್ದರು. ಅಜ್ಜಿ ಪಕ್ಕದಲ್ಲೇ ಇನ್ನೂ ಕೂತಿದ್ದ ಅಕ್ಕನತ್ತ ಕೈ ಚಾಚಿದಳು. ಕಂಕುಳ ಕೆಳಗೆ ಎಲ್ಲಿ ಹಿಡಿಯಬೇಕು, ಮೊಣಕಾಲನ್ನು ಹೇಗೆ ಆನಿಸಿಕೊಳ್ಳಬೇಕು, ಅಕ್ಕನಿಗೆ ಎಲ್ಲ ಗೊತ್ತಿತ್ತು. ಆದರೂ ಅವಳ ಕೈ ಮಡಿಲಲ್ಲೇ ಉಳಿಯಿತು. ಅಜ್ಜಿ ವಾಲಿದಳು. ದೋಣಿಯವನು ಹಾರಿ ಬಂದು ಹಿಡಿದುಕೊಂಡ. ಒಂದು ಚಪ್ಪಲಿ ನೀರು ಪಾಲಾಯಿತು, ಅಷ್ಟೇ.

ದಡದ ಹೋಟೆಲಿನಲ್ಲಿ ಕೂತಾಗ ತಂಗಿ ಕೇಳಿದಳು, "ಯಾಕಕ್ಕಾ ಕೈ ಕೊಡ್ಲಿಲ್ಲ? ಪಕ್ಕದಲ್ಲೇ ಇದ್ಯಲ್ಲ."

"ಗೊತ್ತಿಲ್ಲ. ಕೈ ಏಳ್ಲಿಲ್ಲ."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು ವಿಷಯ ತೆಗೆದ. ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ನೋಡಿಕೊಳ್ಳಲು ಇಟ್ಟ ಸಂಬಳದ ಹೆಂಗಸರು ಯಾರೂ ನಿಲ್ಲುತ್ತಿರಲಿಲ್ಲ, ಸದ್ಯಕ್ಕೆ ನೆಂಟರೊಬ್ಬರು ಜೊತೆಗಿದ್ದರು. ತಮ್ಮ ಮನೆಯಲ್ಲಿ ಬೆಳಗಿನ ಬಿಸಿಲು ಬೀಳುವ ಒಂದು ಕೋಣೆ ಖಾಲಿಯಿದೆ, ಅಕ್ಕ ಒಂಟಿಯಾಗಿ ಇರುವುದಾದರೂ ಯಾಕೆ, ಅಂಗಡಿ ಕೆಲಸ ಬಿಟ್ಟು ಬಂದುಬಿಡಲಿ ಎಂದು ಉಡುಗೊರೆ ಕೊಡುವವನ ದನಿಯಲ್ಲಿ ಹೇಳಿದ. ತಂಗಿ ಕಾಗದದ ಕರವಸ್ತ್ರವನ್ನು ಮಡಚುತ್ತಲೇ ಇದ್ದಳು.

ಅಕ್ಕ ಸಿಟ್ಟು ಬರಲೆಂದು ಕಾದಳು. ಬರಲಿಲ್ಲ.

"ಇದನ್ನ ಕೇಳೋಕೇ ಕರ್ಕೊಂಡ್ ಬಂದ್ರಾ?"

"ಹಾಗಲ್ಲಕ್ಕಾ, ನಿನಗೂ ಒಂದು ಬದಲಾವಣೆ ಆಗ್ಲಿ ಅಂತಾನೂ..." ತಂಗಿ ಕರವಸ್ತ್ರ ಕೆಳಗಿಟ್ಟಳು. "ನಿನ್ನಷ್ಟು ಚೆನ್ನಾಗಿ ಈ ಕೆಲಸ ಯಾರಿಗೆ ಗೊತ್ತು?"

"ಗೊತ್ತಿರೋದಕ್ಕೇ ನಾನು ಬರಲ್ಲ."

ದನಿ ಏರಲಿಲ್ಲ, ನಡುಗಲಿಲ್ಲ. ಮಾತು ತನ್ನ ಬಾಯಿಂದಲೇ ಬಂದಿತೇ ಎಂದು ಅಕ್ಕನಿಗೇ ಅನುಮಾನವಾಯಿತು. ತಂಗಿ ಇದ್ದಕ್ಕಿದ್ದಂತೆ ಅಳತೊಡಗಿದಳು. ಅಮ್ಮನ ಹತ್ತಿರ ತಾನು ಒಂದು ರಾತ್ರಿಯೂ ಕೂರಲಿಲ್ಲ ಎಂದು ಬಿಕ್ಕಿದಳು. ಹೌದು, ಕೂತಿರಲಿಲ್ಲ. ಅಕ್ಕ ನೀರಿನ ಲೋಟವನ್ನು ತಂಗಿಯ ಕಡೆಗೆ ಸರಿಸಿ, ಆರುತ್ತಿದ್ದ ತನ್ನ ಊಟ ಮುಗಿಸಿದಳು.

ಮರುದಿನ ಬೆಳಗ್ಗೆ ಅವಳು ಕೋಣೆಯಿಂದ ಅಂಗಡಿ ಯಜಮಾನರಿಗೆ ಫೋನು ಮಾಡಿ, ಇನ್ನು ಮೇಲೆ ಇಡೀ ದಿನ ಕೆಲಸಕ್ಕೆ ಬರುತ್ತೇನೆ ಎಂದಳು. ಅವರು ಖುಷಿಯಿಂದ ಒಪ್ಪಿದರು. ಕಡಲು ಹೇಗಿದೆ ಎಂದು ಕೇಳಿದರು.

ಅಕ್ಕ ಕಿಟಕಿಯಾಚೆ ನೋಡಿದಳು. "ದೊಡ್ಡದಿದೆ," ಎಂದಳು.

ಆಮೇಲೆ ಕೆಳಗಿಳಿದು ಹೋದಳು. ತಿಂಡಿಯ ಮೇಜಿನ ಬಳಿ ಅವಳಿಗಾಗಿ ಕುರ್ಚಿ ಎಳೆದಿಟ್ಟು ತಂಗಿ ಕಾದು ಕೂತಿದ್ದಳು.