ಹರಿಯುವ ನೀರಿಗೆ ಹೇಳದ ಕನಸು

ಮಲ್ಲಂದೂರಿನಿಂದ ಮೇಲಕ್ಕೆ ಹತ್ತುವ ದಾರಿಯಲ್ಲಿ ಹೊನ್ನಳ್ಳ ಎಸ್ಟೇಟ್ ಅಂತ ಒಂದಿತ್ತು. ಆಗಿನ್ನೂ ಮಹಾರಾಜರ ಕಾಲ. ಆ ವರ್ಷ ಕಾರ್ತಿಕದಲ್ಲಿ, ಕಾಫಿ ಹಣ್ಣು ಅಲ್ಲೊಂದು ಇಲ್ಲೊಂದು ಕೆಂಪಾಗುವ ಹೊತ್ತಿಗೆ, ಮೈಸೂರು ಕಡೆಯ ಯೂನಿವರ್ಸಿಟಿಯವರು ಒಂದು ಹಳೆ ಮೋಟಾರಿನಲ್ಲಿ ಬಂದು ಎಸ್ಟೇಟಿನ ಒಡೆಯ ಬಿಳಿ ದೊರೆಯ ಚಿಕ್ಕ ಬಂಗಲೆಯಲ್ಲಿ ಇಳಿದುಕೊಂಡರು. ಬಂದವರು ನಾಲ್ಕು ಜನ, ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ! ಒಬ್ಬರು ಬೆಳಗೆದ್ದು ಗಾಜಿನ ಕೊಳವೆ ಹಿಡಿದು ದನದ ಕೊಟ್ಟಿಗೆಯಲ್ಲಿ ಸೊಳ್ಳೆ ಹಿಡಿಯುತ್ತಿದ್ದರು. ಒಬ್ಬರು ಮರದಿಂದ ಮರಕ್ಕೆ ತೆಳು ಬಟ್ಟೆ ಕಟ್ಟಿ, ಅದಕ್ಕೆ ಹತ್ತಿದ ಮಂಜನ್ನು ಹಿಂಡಿ ತೂಗುತ್ತಿದ್ದರು. ಮೂರನೆಯವರು ಏನನ್ನು ಕಂಡರೂ ಎಣಿಸುತ್ತಿದ್ದರು. ನಾಲ್ಕನೆಯವಳು ಎಂ.ಎ. ಓದಿದ ಹುಡುಗಿ, ತುಂಗಾ ಅಂತ. ಅವಳು ಆಳುಗಳು ಸಾಲಾಗಿ ವಾಸವಿದ್ದ ಲೈನ್ ಮನೆಗಳ ಮೆಟ್ಟಿಲ ಮೇಲೆ ಕೂತು, ಹಣ್ಣು ಕೊಯ್ಯುವ ಹೆಂಗಸರಿಗೆ ರಾತ್ರಿ ಏನು ಕನಸು ಬಿತ್ತು ಎಂದು ಕೇಳುತ್ತಿದ್ದಳು.

ಇದನ್ನೆಲ್ಲ ನೋಡಿ ಆಳುಗಳು ಅವರಿಗೆಲ್ಲ ತಾವೇ ಹೆಸರು ಇಟ್ಟುಬಿಟ್ಟರು. ಸೊಳ್ಳೆ ಡಾಕ್ಟ್ರು, ಮಂಜಿನ ಮೇಷ್ಟ್ರು, ಲೆಕ್ಕದ ಮೇಷ್ಟ್ರು, ಕನಸಿನಮ್ಮ. ಕನಸಿನಮ್ಮನ ಚೀಲದಲ್ಲಿ ಬಿಸ್ಕತ್ತಿನ ಡಬ್ಬಿ ಇದೆಯೆಂದು ಗೊತ್ತಾದದ್ದೇ ತಡ, ಲೈನಿನ ತುಂಬ ಕನಸು ಬೀಳಲು ಶುರುವಾಯಿತು ನೋಡಿ. ಕೃಷ್ಣಮ್ಮ ಎನ್ನುವವಳು ಆನೆ ಹೆತ್ತಳು. ಅವಳ ಅತ್ತೆ ದೊರೆಯ ಟೋಪಿ ಹಾಕಿಕೊಂಡು ಕಳಸಕ್ಕೆ ಹಾರಿಹೋದಳು. ತುಂಗಾ ಅಷ್ಟನ್ನೂ ಶ್ರದ್ಧೆಯಿಂದ ಬರೆದುಕೊಂಡು ಬಿಸ್ಕತ್ತು ಹಂಚುತ್ತಿದ್ದಳು.

ಲೈನಿನ ಕೊನೆ ಮನೆಯ ದೇವೀರಮ್ಮ ಮಾತ್ರ ಬಿಸ್ಕತ್ತಿನ ಆಸೆಗೆ ಬೀಳಲಿಲ್ಲ.

“ನಂಗೆ ಕನಸೇ ಬೀಳಲ್ಲ ಅಮ್ಮಾವ್ರೆ. ತಲೆ ಇಟ್ರೆ ಕೊರಡು,” ಎಂದು ಬುಟ್ಟಿ ಸೊಂಟಕ್ಕೇರಿಸಿ ಹೊರಟುಬಿಡುತ್ತಿದ್ದಳು.

ಶುದ್ಧ ಸುಳ್ಳು. ಇಡೀ ಎಸ್ಟೇಟಿನಲ್ಲಿ ಕನಸು ಅಂತ ಬೀಳುತ್ತಿದ್ದದ್ದು ಅವಳೊಬ್ಬಳಿಗೇ. ಅದೂ ರಾತ್ರಿಯಲ್ಲ, ಮಧ್ಯಾಹ್ನ, ಮೈಮೇಲೆ ಜ್ವರ ಏರಿದಾಗ. ದಿನ ಬಿಟ್ಟು ದಿನ ಬರುವ ಚಳಿಜ್ವರ ಅವಳಿಗೆ ಹತ್ತಿಕೊಂಡು ಬಹಳ ಕಾಲವಾಗಿತ್ತು. ಅದರಲ್ಲಿ ಹೊಸದೇನೂ ಇಲ್ಲ, ಆ ಕಾಲಕ್ಕೆ ಮಲೆನಾಡಿನಲ್ಲಿ ಯಾರ ಮನೆಗೆ ಅದು ಬಂದಿಲ್ಲ? ಮೊದಲು ಹಲ್ಲು ಕಟಕಟಿಸುವ ಚಳಿ. ಕಂಬಳಿ ಹೊದ್ದು ಮುದುಡಿದರೆ ಆಮೇಲೆ ಕಾವು. ಆ ಕಾವಿನಲ್ಲಿ ಗೋಡೆಗಳು ತೆಳ್ಳಗಾಗುತ್ತಿದ್ದವು. ಹೊರಗಿನ ಮಂಜು ಹೊಸ್ತಿಲು ದಾಟಿ ಒಳಗೆ ಬಂದು ಒಲೆಯ ಪಕ್ಕ ಕೂರುತ್ತಿತ್ತು. ಸಿಲ್ವರ್ ಓಕ್ ಮರಗಳು ಒಂದೊಂದಾಗಿ ಅಂಗಳಕ್ಕೆ ಬಂದು, ಬಾಗಿಲಲ್ಲಿ ಇಣುಕಿ ದಾರಿ ಬಿಡುತ್ತಿದ್ದವು. ಆ ದಾರಿಯಲ್ಲಿ ಅವಳ ಗಂಡ ಕೆಂಚಯ್ಯ ಬರುತ್ತಿದ್ದ.

ಕೆಂಚಯ್ಯ ಸತ್ತು ಎರಡು ಮಳೆಗಾಲ ಕಳೆದಿತ್ತು. ಕನಸಿನಲ್ಲಿ ಮಾತ್ರ ಬದುಕಿದ್ದಾಗಿನ ಹಾಗೇ ಇದ್ದ. ಕಾಲು ಒರೆಸಿಕೊಂಡು, ಕಂಬಳಿ ಕೊಪ್ಪೆಯನ್ನು ಗೂಟಕ್ಕೆ ಸಿಕ್ಕಿಸಿ, ಕೈ ತೊಳೆದು ಕೂರುತ್ತಿದ್ದ. ಅವಳು ಅನ್ನ ಹಾಕಿ ಏಡಿ ಸಾರು ಬಡಿಸುತ್ತಿದ್ದಳು. ಅವನು ಕಲಸುತ್ತಿದ್ದ. ತುತ್ತು ಎತ್ತುತ್ತಿದ್ದ. ಅಷ್ಟರಲ್ಲಿ ಅವಳ ಹಣೆಯಲ್ಲಿ ಬೆವರೊಡೆದು ಜ್ವರ ಇಳಿದು, ಗೋಡೆಗಳು ಮತ್ತೆ ಗೋಡೆಗಳಾಗಿಬಿಡುತ್ತಿದ್ದವು. ಪ್ರತಿಸಲವೂ ಇದೇ ಗೋಳು. ಒಂದೇ ಒಂದು ತುತ್ತು ಅವನ ಬಾಯಿಗೆ ಹೋಗಿದ್ದಿಲ್ಲ.

ಅವನು ಉಣ್ಣಲೇಬೇಕಿತ್ತು. ಯಾಕೆಂದರೆ ಅವನು ಉಣ್ಣದೆ ಹೋದವನು. ಬದುಕಿನ ಕೊನೆಯ ಮಧ್ಯಾಹ್ನ, ಮೈ ಬೆಚ್ಚಗಿದ್ದರೂ ಕೆಲಸಕ್ಕೆ ಹೋಗಿ, ಉಣ್ಣಲು ಬಂದು ಕೂತಿದ್ದ. ಏಡಿ ಸಾರನ್ನು ನಾಲಿಗೆಗೆ ಮುಟ್ಟಿಸಿ, “ಉಪ್ಪು ಕಮ್ಮಿ,” ಎಂದ. ಅದೇನು ಹೊಸ ಮಾತಲ್ಲ, ಮದುವೆಯಾದಾಗಿನಿಂದ ಅದನ್ನೇ ಹೇಳುತ್ತ ಬಂದಿದ್ದ. ಅವತ್ತು ದೇವೀರಮ್ಮನಿಗೆ ರೇಗಿತು. “ಉಪ್ಪು ಬೇಕಾದ್ರೆ ನಿಮ್ಮವ್ವನ ಹತ್ರ ಹೋಗಿ ಉಣ್ಣು!” ಎಂದುಬಿಟ್ಟಳು. ಅವನವ್ವ ಸತ್ತು ಯಾವ ಕಾಲವಾಗಿತ್ತು! ಕೆಂಚಯ್ಯ ತಟ್ಟೆ ಸರಿಸಿ ಎದ್ದು ಹೋದ. ಸಂಜೆ ಅವನನ್ನು ತೋಟದಿಂದ ಹೊತ್ತು ತಂದರು, ಬೆಳಗಾಗುವುದರೊಳಗೆ ಜ್ವರ ತಲೆಗೇರಿ ಹೋಗಿಯೇಬಿಟ್ಟ. ತಾನು ಕಳಿಸಿದಲ್ಲಿಗೇ ಹೋದನಲ್ಲ ಎಂದು ದೇವೀರಮ್ಮ ಕೊರಗುತ್ತಿದ್ದಳು. ಆ ಮಾತನ್ನು ಅವಳು ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಕನಸನ್ನೂ ಹೇಳುವಂತಿರಲಿಲ್ಲ. ಅವರ ಕಡೆ ಒಂದು ಪದ್ಧತಿಯಿತ್ತು. ಕೆಟ್ಟ ಕನಸು ಬಿದ್ದರೆ ಬೆಳಗ್ಗೆ ಹಳ್ಳಕ್ಕೆ ಹೋಗಿ ಹರಿಯುವ ನೀರಿಗೆ ಹೇಳಿ ಬರುವುದು, ನೀರು ಅದನ್ನು ಹೊತ್ತುಕೊಂಡು ಹೋಗುತ್ತದೆ, ಮತ್ತೆ ಬೀಳುವುದಿಲ್ಲ. ಹೇಳಿದರೆ ಕೆಟ್ಟ ಕನಸು ಹೋಗುವುದಾದರೆ ಒಳ್ಳೆಯದೂ ಹೋಗುತ್ತದಲ್ಲವೇ? ಅದಕ್ಕೇ ದೇವೀರಮ್ಮ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಹೀಗಿರುವಾಗ ಸೊಳ್ಳೆ ಡಾಕ್ಟ್ರು ಮಲ್ಲಿಕಾರ್ಜುನಪ್ಪನವರು ಎಲ್ಲರ ಬೆರಳು ಚುಚ್ಚಿ, ರಕ್ತ ನೋಡಿ, ಕ್ವಿನೈನ್ ಮಾತ್ರೆ ಕೊಡತೊಡಗಿದರು. ಬೆಳಗ್ಗೆ ಹಾಜರಿಯ ಹೊತ್ತಿಗೆ ಮೇಸ್ತ್ರಿ ಭೂತಯ್ಯ ಎದುರಿಗೆ ನಿಂತು ಒಬ್ಬೊಬ್ಬರಿಗೂ ನುಂಗಿಸುತ್ತಿದ್ದ. ಕಹಿ ಅಂದರೆ ಕಹಿ, ನಾಲಿಗೆ ಸೊಟ್ಟಗಾಗುವಂಥದ್ದು. ದೇವೀರಮ್ಮ ಮಾತ್ರೆಯನ್ನು ನಾಲಿಗೆಯಡಿಗೆ ಸರಿಸಿ, ಗಟಗಟ ನೀರು ಕುಡಿದು, ತೋಟದ ತಿರುವಿನಲ್ಲಿ ಉಗಿದುಬಿಡುತ್ತಿದ್ದಳು. ಜ್ವರ ಹೋದರೆ ಅವನು ಬರುವ ದಾರಿಯೇ ಮುಚ್ಚಿಹೋಗುತ್ತದೆ. ಅವನು ಒಂದು ಸಲ ಉಂಡುಬಿಡಲಿ, ಆಮೇಲೆ ಬೇಕಾದರೆ ಮೂಟೆಗಟ್ಟಲೆ ನುಂಗೋಣ ಎಂದು ಅವಳ ಲೆಕ್ಕ.

ಲೆಕ್ಕದ ಮೇಷ್ಟ್ರ ಲೆಕ್ಕ ಬೇರೆಯೇ ಇತ್ತು. ಯಜ್ಞನಾರಾಯಣ ಎಂಬ ಆ ಮೆಲುಮಾತಿನ ಮನುಷ್ಯ ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ ಲೈನ್ ಮನೆಗಳ ನಕ್ಷೆಯನ್ನೇ ಹರವಿದ್ದರು. ಮನೆಗೊಂದು ಕಾಫಿ ಕಾಯಿ. ಜ್ವರ ಇಲ್ಲದ ಮನೆಗೆ ಹಸಿರು ಕಾಯಿ, ಇದ್ದ ಮನೆಗೆ ಕೆಂಪು ಹಣ್ಣು. ಮಾತ್ರೆ ಶುರುವಾದ ಮೇಲೆ ಕೆಂಪೆಲ್ಲ ಒಂದೊಂದಾಗಿ ಹಸಿರಾಗುತ್ತ ಬಂದಿತ್ತು. ಒಂದು ದಿನ ದೇವೀರಮ್ಮ ಹಣ್ಣಿನ ಬುಟ್ಟಿ ಸುರಿಯಲು ಬಂದಾಗ ಅವರು ತಲೆ ಕೆರೆದುಕೊಳ್ಳುತ್ತ ಡಾಕ್ಟರಿಗೆ ಹೇಳುತ್ತಿದ್ದರು:

“ಎಲ್ಲಾ ಕಡೆ ಇಳೀತಾ ಇದೆ ಡಾಕ್ಟ್ರೇ. ಈ ಕೊನೆ ಮೂಲೆ ಮಾತ್ರ ಯಾಕೆ ಹಟ ಹಿಡಿದಿದೆ? ಇಲ್ಲೊಂದು ಕೆಂಪು ಇದ್ದೇ ಇದೆ, ಅಕ್ಕಪಕ್ಕದ್ದನ್ನೂ ಕೆಂಪು ಮಾಡ್ತಿದೆ.”

“ಒಬ್ಬರ ರಕ್ತದಲ್ಲಿದ್ರೆ ಸಾಕು. ಸೊಳ್ಳೆ ಕುಡಿದು ಪಕ್ಕದ ಮನೆಗೆ ಹಂಚುತ್ತೆ,” ಎಂದರು ಡಾಕ್ಟರು.

ಲೆಕ್ಕದ ಮೇಷ್ಟ್ರು ಆ ಕೆಂಪಿನ ಪಕ್ಕದ ಹಸಿರು ಕಾಯನ್ನು ಎತ್ತಿ, ಅಲ್ಲೊಂದು ಹಣ್ಣಿಟ್ಟರು. “ಇದು ತಂಗಮ್ಮ ಅನ್ನೋ ಹುಡುಗಿ ಮನೆ. ಇವತ್ತು ಚಳಿ ಶುರುವಾಗಿದೆಯಂತೆ.”

ಕೊನೆ ಮನೆ ಯಾರದೆಂದು ದೇವೀರಮ್ಮನಿಗೆ ಯಾರೂ ಹೇಳಬೇಕಿರಲಿಲ್ಲ. ಬುಟ್ಟಿಯನ್ನು ಅಲ್ಲೇ ಬಿಟ್ಟು ಓಡಿದಳು. ತಂಗಮ್ಮ ಎಳೆಯ ಹುಡುಗಿ, ಮೊದಲ ಬಸುರಿ. ದೇವೀರಮ್ಮನೇ ಅವಳಿಗೆ ಮಾವಿನಕಾಯಿ ಹುಡುಕಿ ತಂದು ಬಯಕೆ ತೀರಿಸಿದವಳು. ಈಗ ಗೋಣಿ ಚೀಲ, ಕಂಬಳಿ, ಸೀರೆ ಎಲ್ಲ ಹೇರಿಕೊಂಡು ಮೂಲೆಯಲ್ಲಿ ನಡುಗುತ್ತ ಮಲಗಿದ್ದಳು.

“ದೇವೀರಕ್ಕಾ, ಒಳಗಿರೋದೂ ನಡುಗ್ತಾ ಅದೆ ಕಣಕ್ಕಾ,” ಎಂದು ಹೊಟ್ಟೆ ಹಿಡಿದುಕೊಂಡು ಅತ್ತಳು.

ದೇವೀರಮ್ಮ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಕೈ ಸುಟ್ಟಂತಾಯಿತು. ಅಯ್ಯೋ ಪಾಪಿ, ಸತ್ತವನಿಗೆ ಒಂದು ತುತ್ತು ಉಣ್ಣಿಸಲು ಹೋಗಿ ಹುಟ್ಟದ ಕೂಸಿನ ಕುತ್ತಿಗೆಗೆ ಕೈ ಹಾಕಿದೆಯಲ್ಲೇ ಎಂದು ತನ್ನನ್ನೇ ಬೈದುಕೊಂಡಳು. ಎದ್ದವಳೇ ನೆಟ್ಟಗೆ ಬಂಗಲೆಗೆ ಹೋಗಿ ಡಾಕ್ಟರ ಮುಂದೆ ಕೈ ಚಾಚಿದಳು.

“ಇಷ್ಟು ದಿನ ಉಗಿದೆ ಸ್ವಾಮಿ. ಬೈಯೋದಾದ್ರೆ ಆಮೇಲೆ ಬೈರಿ. ಈಗ ಕೊಡಿ. ತಂಗಮ್ಮನ್ನ ಮೊದ್ಲು ನೋಡಿ.”

ಡಾಕ್ಟರು ಬೈದರು, ಬೈಯದೆ ಇರುತ್ತಾರೆಯೇ! ಬೈಯುತ್ತಲೇ ಮಾತ್ರೆ ಕೊಟ್ಟು, ಬೈಯುತ್ತಲೇ ಚೀಲ ಎತ್ತಿಕೊಂಡು ತಂಗಮ್ಮನ ಮನೆಗೆ ಓಡಿದರು.

ಒಂದೇ ಮಾತ್ರೆಗೆ ಜ್ವರ ಬಿಡುತ್ತದೆಯೇ? ಮರುದಿನ ಮಧ್ಯಾಹ್ನ ಇನ್ನೊಮ್ಮೆ ಬಂತು, ಹಿಂದಿನಷ್ಟು ಕಾವಿರಲಿಲ್ಲ. ಗೋಡೆ ಅರ್ಧ ಮಾತ್ರ ತೆಳ್ಳಗಾಯಿತು. ಮರಗಳು ದೂರದಲ್ಲೇ ನಿಂತವು. ಕೆಂಚಯ್ಯ ಬಂದ, ಮೈಯ ಅಂಚೆಲ್ಲ ಮಸುಕು ಮಸುಕು.

“ಬೇಗ ಉಣ್ಣು ಮಾರಾಯ. ಹೊತ್ತಿಲ್ಲ,” ಎಂದಳು.

ಅವನಿಗೆ ಯಾವತ್ತು ಅವಸರವಿತ್ತು? ನಿಧಾನವಾಗಿ ಕೈ ತೊಳೆದ. ಕೂತ. ಕಲಸಿದ. ತುತ್ತು ಎತ್ತುವ ಮೊದಲೇ ಅವಳಿಗೆ ಬೆವರೊಡೆಯಿತು. ದೇವೀರಮ್ಮ ಚಾಪೆಯ ಮೇಲೆ ಎದ್ದು ಕೂತು ಜೋರಾಗಿ ಅತ್ತಳು.

ಮಾರನೆಯ ಬೆಳಗ್ಗೆ ಹಳ್ಳಕ್ಕೆ ಹೋದಳು. ಅವಳಿಗೆ ತನ್ನ ಮೇಲೆ ನಂಬಿಕೆಯಿರಲಿಲ್ಲ. ಕನಸಿನ ಆಸೆ ಒಂಚೂರು ಉಳಿದಿದ್ದರೂ ಮಾತ್ರೆಯನ್ನು ಮತ್ತೆ ಉಗಿಯುವವಳೇ. ಅದನ್ನು ನೀರಿಗೆ ಹೇಳಿ ಮುಗಿಸಿಬಿಡುವುದೇ ಸರಿ. ಮಂಜಿನ ಮೇಷ್ಟ್ರ ಬಟ್ಟೆಗಳು ಮರದ ನಡುವೆ ಬೆಳ್ಳಗೆ ತೂಗುತ್ತಿದ್ದವು. ನೀರಿನ ಅಂಚಿಗೆ ಕೂತು ಬಾಯಿ ತೆರೆದಳು. ಅಷ್ಟರಲ್ಲಿ ಅನುಮಾನ ಬಂತು. ಈ ಹಳ್ಳ ಭದ್ರೆಗೆ ಸೇರುತ್ತದೆ, ಭದ್ರೆ ಎಲ್ಲೆಲ್ಲೋ ಹರಿದು ಸಮುದ್ರ ಸೇರುತ್ತದಂತೆ. ಅಲ್ಲಿ ಅವನಿಗೆ ಅನ್ನ ಹಾಕುವವರು ಯಾರು?

ತುಸು ಆಚೆ ಬಂಡೆಯ ಮೇಲೆ ಕನಸಿನಮ್ಮ ಕಾಲು ಇಳಿಬಿಟ್ಟು ಕೂತಿದ್ದಳು. ದೇವೀರಮ್ಮ ಅವಳನ್ನು ಸ್ವಲ್ಪ ಹೊತ್ತು ನೋಡಿದಳು. ಒಳ್ಳೆ ಮುಖ. ಮನೆಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವ ಪೈಕಿ ಅಲ್ಲ.

“ಅಮ್ಮಾವ್ರೆ, ನಂಗೊಂದು ಕನಸು ಬೀಳುತ್ತೆ. ಸುಳ್ಳು ಹೇಳಿದ್ದೆ. ನಿಮ್ಗೆ ಕೊಟ್ರೆ ಇಟ್ಕೊಳ್ತೀರಾ?”

ತುಂಗಾ ಗಡಿಬಿಡಿಯಲ್ಲಿ ಪೆನ್ನು ತೆಗೆದಳು.

“ಬರ್ಕೋಬೇಡಿ. ಬರೆದ್ರೆ ಕಾಗದಕ್ಕೆ ಹೋಗುತ್ತೆ. ನೀವೇ ಇಟ್ಕೊಳ್ಳಿ.”

ತುಂಗಾ ಪೆನ್ನಿನ ಮುಚ್ಚಳ ಹಾಕಿದಳು. ದೇವೀರಮ್ಮ ಮಂಜು ಬರುವುದರಿಂದ ಹಿಡಿದು ತುತ್ತು ಎತ್ತುವ ತನಕ ಹೇಳಿದಳು. ಏಡಿ ಸಾರು ಅಂದಳು, ಜಗಳವಾಗಿ ಉಣ್ಣದೆ ಹೋದರು ಅಂದಳು. ಜಗಳ ಯಾತಕ್ಕೆ ಎಂಬುದನ್ನು ಮಾತ್ರ ಬಾಯಿ ಬಿಡಲಿಲ್ಲ. ಉಪ್ಪಿನ ಮಾತೂ ಇಲ್ಲ, ಅವ್ವನ ಮಾತೂ ಇಲ್ಲ.

“ಬಂದ್ರೆ ಕೂರ್ಸಿ ಉಣ್ಣಾಕೆ ಇಡಿ. ನಿಧಾನಸ್ಥರು. ಅವಸರ ಮಾಡ್ಬೇಡಿ.”

ತುಂಗಾ ಏನೂ ಕೇಳಲಿಲ್ಲ, ಅರ್ಥವನ್ನೂ ಹೇಳಲಿಲ್ಲ. “ಆಗ್ಲಿ ದೇವೀರಮ್ಮ, ಇಡ್ತೀನಿ,” ಎಂದಳು, ಅಷ್ಟೇ.

ದೇವೀರಮ್ಮ ಆಮೇಲೆ ಒಂದು ಮಾತ್ರೆಯನ್ನೂ ಉಗಿಯಲಿಲ್ಲ. ತಂಗಮ್ಮ ಎದ್ದು ಕೂತು ಗಂಜಿ ಕುಡಿದಳು, ಒಳಗಿನ ಕೂಸು ಒದೆಯತೊಡಗಿತು. ಕಣದ ಮೂಲೆಯ ಕೆಂಪು ಹಣ್ಣುಗಳು ಹಸಿರಾದವು. ಎಲ್ಲ ಸರಿ, ಮಧ್ಯಾಹ್ನಗಳು ಮಾತ್ರ ಬರಿದಾದವು. ಗೋಡೆ ಗೋಡೆಯಾಗಿ, ಮಂಜು ಮಂಜಾಗಿ ಹೊರಗೇ ನಿಂತಿತು. ಬಿಡುವಿನ ದಿನ ಕಣ್ಣು ಮುಚ್ಚಿ ಮಲಗಿದರೂ ಕೊರಡಿನ ನಿದ್ದೆ. ದೇವೀರಮ್ಮನಿಗೆ ಗಂಡ ಎರಡನೆಯ ಸಲ ಸತ್ತಂತೆ ದುಃಖವಾಗುತ್ತಿತ್ತು.

ಯೂನಿವರ್ಸಿಟಿಯವರು ಹೊರಡುವ ದಿನ ಬಂತು. ಮೋಟಾರಿಗೆ ಗಾಜಿನ ಕೊಳವೆ, ತಕ್ಕಡಿ, ಪೆಟ್ಟಿಗೆಗಳನ್ನೆಲ್ಲ ತುಂಬುತ್ತಿದ್ದಾಗ ತುಂಗಾ ಸೀರೆ ಎತ್ತಿ ಹಿಡಿದು, ಏದುಸಿರು ಬಿಡುತ್ತ ಹಣ್ಣು ಕೊಯ್ಯುವಲ್ಲಿಗೆ ಓಡಿಬಂದಳು.

“ದೇವೀರಮ್ಮ, ನಿನ್ನೆ ಊಟ ಆದ್ಮೇಲೆ ವರಾಂಡದ ಕುರ್ಚೀಲಿ ಹಾಗೇ ಕಣ್ಣು ಹತ್ತಿತ್ತು. ಅವರು ಬಂದಿದ್ರು.”

ದೇವೀರಮ್ಮನ ಕೈ ಕೊಂಬೆಯ ಮೇಲೇ ನಿಂತಿತು. ಮೊದಲು ಬಂದದ್ದು ಸಿಟ್ಟು. ನನ್ನ ಬಿಟ್ಟು ಈ ಹುಡುಗಿ ಹತ್ರ ಬಂದನಾ! ಆಮೇಲೆ ಅನುಮಾನ. ಪಾಪ, ನನ್ನ ಸಮಾಧಾನಕ್ಕೆ ಹೇಳುತ್ತಿರಬಹುದು.

“ಉಂಡ್ರಾ?” ಎಂದು ಕೇಳಿದಳು.

“ಉಂಡ್ರು. ಎರಡು ಸಲ ಹಾಕಿಸ್ಕೊಂಡ್ರು.” ತುಂಗಾ ಮುಂದಿನದನ್ನು ಹೇಳಲೋ ಬೇಡವೋ ಎಂದು ಅನುಮಾನಿಸಿದಳು. “ಗೊಣಗ್ತಾನೇ ಉಂಡ್ರು. ಉಪ್ಪು ಕಮ್ಮಿ ಅಂದ್ರು. ನಾನು ತಂದು ಹಾಕೋಕೆ ಹೋದೆ, ಬೇಡ ಅಂತ ಕೈ ಅಡ್ಡ ಇಟ್ರು. ‘ಅವ್ವನ ಹತ್ರಾನೂ ಹೋಗಿ ಉಂಡು ನೋಡ್ದೆ. ಅಲ್ಲೂ ಕಮ್ಮೀನೇ. ಇದೇ ವಾಸಿ’ ಅಂದ್ರು. ಅದೇನು ದೇವೀರಮ್ಮ, ನಂಗೆ ಅರ್ಥ ಆಗ್ಲಿಲ್ಲ.”

ದೇವೀರಮ್ಮ ಬುಟ್ಟಿಯ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. ನಗು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂತು. ಅವಳು ತುಂಗಾಳ ಕೈಯನ್ನು ತನ್ನ ಹಣ್ಣಿನ ಕೆಂಪು ಮೆತ್ತಿದ ಕೈಗಳಲ್ಲಿ ಹಿಡಿದುಕೊಂಡು, ಬಂಗಲೆಯಿಂದ ಮೋಟಾರಿನ ಹಾರನ್ ಕೇಳುವ ತನಕ ಬಿಡಲಿಲ್ಲ.

ಸಂಜೆ ಹಳ್ಳಕ್ಕಿಳಿದು ಕಲ್ಲು ಮಗುಚಿ ಏಡಿ ಹಿಡಿದಳು. ಗಂಡ ಹೋದ ಮೇಲೆ ಆ ಸಾರು ಮಾಡಿರಲಿಲ್ಲ. ಮೊದಲು ತಂಗಮ್ಮನಿಗೆ ಒಂದು ಬಟ್ಟಲು ಕೊಟ್ಟು ಬಂದು, ತಾನೂ ತಟ್ಟೆ ಇಟ್ಟುಕೊಂಡು ಕೂತಳು. ಕಲಸಿದಳು. ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ಕೊಪ್ಪೆಯಿಲ್ಲದ ಗೂಟದ ಕಡೆ ನೋಡಿದಳು.

“ಹೌದು ಮಾರಾಯ, ಕಮ್ಮೀನೇ,” ಎಂದಳು.